ಸದಾ ಕನಕ



ಮೊದಲ ಕೆಲಸ ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದಾಡುತ್ತಿರುವ ಮಕ್ಕಳಿಗೆ. ಕೈಯಲ್ಲಿರುವ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ‘ಕನಕದಾಸ’ ಎಂದು ದೊಡ್ಡದಾಗಿ ಬರೆಯಿರಿ. ಐದೇ ಅಕ್ಷರ. ಈಗ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಓದುತ್ತಾ ಬನ್ನಿ: ಸ, ದಾ, ಕ, ನ, ಕ. ‘ಸದಾ ಕನಕ’! ಯಾವಾಗಲೂ ಬಂಗಾರ. ಕಾಗಿನೆಲೆಯ ದಾಸರ ಹೆಸರನ್ನು ಹಿಂದುಮುಂದು ಮಾಡಿದರೆ ಅವರನ್ನು ಹೊಗಳುವ ಮಾತು ತಾನಾಗಿ ಸಿಗುತ್ತದೆ. ‘ದಾಸ’ ತಿರುಗಿ ‘ಸದಾ’ ಆಯಿತು, ‘ಕನಕ’ ಮಾತ್ರ ತಿರುಗಿದರೂ ಕನಕವಾಗಿಯೇ ಉಳಿಯಿತು.

ಹಾಗೆ ತಿರುಗಿಸಿದರೂ ಬದಲಾಗದ ಊರೊಂದು ಕಾಗಿನೆಲೆ ಇರುವ ಹಾವೇರಿ ಜಿಲ್ಲೆಯ ನೆರೆಯಲ್ಲೇ ಇದೆ, ಗದಗ. ಈ ಆಟ ಕನ್ನಡದಲ್ಲಿ ಎಷ್ಟು ಆಡಿದರೂ ಮುಗಿಯುವುದಿಲ್ಲ. ನದಿ ತಿರುಗಿದರೆ ದಿನ, ರಸ ತಿರುಗಿದರೆ ಸರ, ಗಜ ತಿರುಗಿದರೆ ಜಗ, ನವ ತಿರುಗಿದರೆ ವನ. ತೆನಾಲಿ ರಾಮಕೃಷ್ಣನ ‘ವಿಕಟಕವಿ’ ಎಲ್ಲರಿಗೂ ಗೊತ್ತು. ‘ಕುಬೇರನಿಗೇನಿರಬೇಕು’ ಎಂಬುದನ್ನು ಶಾಲೆಯಲ್ಲಿ ಹಿಂದಿನಿಂದ ಓದಿ ಚಪ್ಪಾಳೆ ಗಿಟ್ಟಿಸಿದವರು ಈ ಸಭೆಯಲ್ಲೂ ಇದ್ದಾರು. ಇಂಗ್ಲಿಷಿನಲ್ಲಿ ಈ ಆಟ ಬಿಡಿಬಿಡಿ ಅಕ್ಷರಗಳದು. ಕನ್ನಡದಲ್ಲಿ ಸ್ವರವು ವ್ಯಂಜನದ ಜೊತೆಗೇ ಓಡಾಡುತ್ತದೆ, ‘ದಾ’ ಒಡೆಯುವುದಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಕನಕ’ ಬರೆದು ಹಿಂದಿನಿಂದ ಓದಿದರೆ ‘ಅಕನಕ್’ ಎಂಬ ಅರ್ಥವಿಲ್ಲದ ಸದ್ದು ಹೊರಡುತ್ತದೆ. ಕನ್ನಡ ಅಕ್ಷರದಲ್ಲಿ ಕನಕ ಎತ್ತಲಿಂದಲೂ ಕನಕವೇ.

ಈ ಹೆಸರಿನ ಒಡೆಯರು ಶಿಗ್ಗಾಂವಿ ತಾಲೂಕಿನವರು. ಬಂಕಾಪುರದ ಹತ್ತಿರದ ಬಾಡ ಅವರ ಹುಟ್ಟೂರು. ನಮ್ಮ ದುಂಡಸಿಯೂ ಅದೇ ತಾಲೂಕಿನದು ಎಂದು ಹೇಳಿಕೊಳ್ಳುವಾಗ ಅಲ್ಲಿನವರ ಎದೆ ಸ್ವಲ್ಪ ಉಬ್ಬುವುದು ಸಹಜ. ಮನೆಯಲ್ಲಿಟ್ಟ ಹೆಸರು ತಿಮ್ಮಪ್ಪ. ನೆಲ ಅಗೆಯುವಾಗ ಬಂಗಾರ ತುಂಬಿದ ಕೊಪ್ಪರಿಗೆ ಸಿಕ್ಕಿತು, ಅದನ್ನು ಗಂಟು ಕಟ್ಟಿ ಇಟ್ಟುಕೊಳ್ಳದೆ ಕಾಗಿನೆಲೆಯ ಆದಿಕೇಶವನ ಗುಡಿಗೂ ಬಡವರಿಗೂ ಕೊಟ್ಟುಬಿಟ್ಟರು, ಅಂದಿನಿಂದ ಜನ ಕನಕ ನಾಯಕ ಎಂದು ಕರೆದರು ಎಂಬ ಕಥೆ ಆ ಸೀಮೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದಿದೆ.

ಇಲ್ಲೊಂದು ಸೊಗಸಿದೆ. ಸಂಸ್ಕೃತದಲ್ಲಿ ಕನಕ ಎಂದರೆ ಬಂಗಾರ, ಜೊತೆಗೆ ಮದ್ದುಗುಣಿಕೆ ಗಿಡ ಕೂಡ. ಅದೇ ದತ್ತೂರಿ, ತಿಂದರೆ ತಲೆ ಕೆಡಿಸುವ ಕಾಯಿ. ಅಮರಕೋಶದಲ್ಲಿ ಈ ಗಿಡಕ್ಕೆ ಕೊಟ್ಟ ಹೆಸರುಗಳಲ್ಲಿ ‘ಕನಕಾಹ್ವಯ’ವೂ ಒಂದು, ಅಂದರೆ ಬಂಗಾರದ ಹೆಸರಿನದು. 17ನೇ ಶತಮಾನದಲ್ಲಿ ಅಂಬರದ ರಾಜ ಜಯಸಿಂಹನ ಆಸ್ಥಾನದಲ್ಲಿದ್ದ ಹಿಂದಿ ಕವಿ ಬಿಹಾರಿ ತನ್ನ ‘ಸತಸಈ’ಯ ಒಂದು ದೋಹೆಯಲ್ಲಿ ಈ ಎರಡು ಕನಕಗಳನ್ನು ಎದುರುಬದುರು ನಿಲ್ಲಿಸಿದ್ದಾನೆ. ಒಂದನ್ನು ತಿಂದರೆ ಹುಚ್ಚು, ಇನ್ನೊಂದು ಕೈಗೆ ಸಿಕ್ಕರೇ ಸಾಕು ಹುಚ್ಚು ಎಂಬುದು ಅದರ ಸಾರ. ದಿಲ್ಲಿಯ ಶಾಲೆಗಳಲ್ಲಿ ಹಿಂದಿ ಓದುವ ನಿಮ್ಮ ಮಕ್ಕಳು ಯಮಕಾಲಂಕಾರಕ್ಕೆ ಉದಾಹರಣೆ ಎಂದು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಮುಂದಿನ ಸಲ ಅವರು ಆ ದೋಹೆ ಹೇಳಿದಾಗ ಅಪ್ಪ ಅಮ್ಮಂದಿರು ಹತ್ತಿರ ಕೂರಿಸಿಕೊಂಡು ಬಾಡದ ಕಥೆ ಹೇಳಬೇಕು. ಬಿಹಾರಿಗಿಂತ ಮುಂಚೆಯೇ ಒಬ್ಬರ ಕೈಗೆ ಆ ಕನಕ ಸಿಕ್ಕಿತ್ತು, ಅವರಿಗೆ ಹುಚ್ಚು ಹಿಡಿಯಲಿಲ್ಲ, ಹೆಸರು ಬಂತು ಎಂದು ಹೇಳಬೇಕು.

ದಿಲ್ಲಿಯಲ್ಲಿ ಇನ್ನೊಂದು ಕಣಕ ಸಿಗುತ್ತದೆ. ಪಕ್ಕದ ಮನೆಯ ಪಂಜಾಬಿ ಅಜ್ಜಿಯನ್ನು ಕೇಳಿ ನೋಡಿ, ಅವರ ‘ಕಣಕ್’ ಎಂದರೆ ಗೋಧಿ. ಈ ನವೆಂಬರಿನಲ್ಲಿ ನಾವು ಇಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸುವ ಹೊತ್ತಿಗೆ ಪಂಜಾಬಿನಲ್ಲಿ ಕಣಕ್ ಬಿತ್ತನೆ, ಬೈಸಾಖಿಯ ಹೊತ್ತಿಗೆ ಕೊಯ್ಲು. ಮರಾಠಿಯಲ್ಲಿ ‘ಕಣೀಕ್’ ಎಂದರೆ ಗೋಧಿಹಿಟ್ಟು, ನಾದಿದ ಹಿಟ್ಟು. ನಮ್ಮ ಅಡುಗೆಮನೆಯಲ್ಲಿ ಕಣಕ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅರಿಷಿಣದ ಚಿಟಿಕೆ ಬಿದ್ದು, ಎಣ್ಣೆ ಕುಡಿದು, ಎಳೆದಷ್ಟೂ ಹರಿಯದೆ ಬರುವ ಆ ಮೆತ್ತನೆಯ ಮುದ್ದೆ. ಅದನ್ನು ಅಂಗೈಯಲ್ಲಿ ಹರವಿ, ಕಡಲೆಬೇಳೆ ಬೆಲ್ಲದ ಹೂರಣ ಇಟ್ಟು, ಸುತ್ತಲಿನ ಅಂಚನ್ನು ಮೇಲಕ್ಕೆ ತಂದು ಬಾಯಿ ಮುಚ್ಚುವಾಗ ಬೆರಳು ಚೂರು ಅವಸರ ಮಾಡಿದರೂ ಹೆಂಚಿನ ಮೇಲೆ ಹೂರಣ ಹೊರಗೆ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಅತ್ತೆಯರು ಸೊಸೆಯಂದಿರ ಕೈಗುಣ ನೋಡಿದ್ದು ಈ ಒಂದು ಗಳಿಗೆಯಲ್ಲಿ. ಪಂಜಾಬಿನ ಹೊಲದ ಕಣಕ್, ಪುಣೆಯ ಕಣೀಕ್, ಹೋಳಿಗೆಯ ಕಣಕ, ಮೂರೂ ಕಾಳು ನುಚ್ಚು ಎಂಬ ಅರ್ಥದ ‘ಕಣ’, ‘ಕಣಿಕ’ಗಳ ಮಕ್ಕಳು. ರಾಶಿ ಮಾಡುವ ಕಣ ಬೇರೆ, ಅದು ತಮಿಳಿನ ‘ಕಳಂ’ನ ನೆಂಟ, ನಮ್ಮ ದ್ರಾವಿಡ ಮನೆಯದು. ಕಣಕದ ಕೊನೆಯ ಅಕ್ಷರಕ್ಕೆ ಒಂದು ಗುಡಿಸು ಹಚ್ಚಿದರೆ ಎತ್ತಿನ ಬಾಯಿಗೆ ಹೋಗುವ ಕಣಕಿ. ಕನಕ, ಕಣಕ, ಕಣಕಿ, ಕಾಣಿಕೆ: ಒಂದೊಂದು ಗೆರೆ ಬದಲಾದಂತೆ ಬಂಗಾರವು ಹಿಟ್ಟಾಗಿ, ಮೇವಾಗಿ, ಕೊನೆಗೆ ದೇವರ ಮುಂದೆ ಇಡುವ ವಸ್ತುವಾಗಿ ಬಿಡುತ್ತದೆ.

ಬಂಗಾರದ ಕನಕಕ್ಕೆ ದೂರದ ಬಳಗವೂ ಇದೆ. ತಮಿಳಿನಲ್ಲಿ ಅದು ಕನಕಂ, ವಿಜಯವಾಡದ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ. ಇಂಗ್ಲಿಷರು ಜೇನಿಗೆ ಹೇಳುವ ‘ಹನಿ’ ಕೂಡ ಹೊಂಬಣ್ಣ ಸೂಚಿಸುವ ಹಳೆಯ ಮೂಲವೊಂದರಿಂದ ಬಂದು ನಮ್ಮ ಕಾಂಚನ, ಕನಕಗಳ ಜೊತೆ ನೆಂಟಸ್ತನ ಹೇಳಬಲ್ಲದು ಎಂದು ಹಲವು ಭಾಷಾವಿಜ್ಞಾನಿಗಳು ಎಣಿಸಿದ್ದಾರೆ. ಆ ಕಡೆಯ ಭಾಷೆಗಳಲ್ಲಿ ಹಳೆಯ ಕಕಾರ ಹಕಾರವಾಯಿತು. ಕನ್ನಡದಲ್ಲಿ ಹಕಾರವಾದದ್ದು ಪಕಾರ, ಅದಕ್ಕೇ ತಮಿಳಿನ ಪೊನ್ ನಮಗೆ ಹೊನ್ನು.

ಕಿವಿಗೆ ಒಂದೇ ಆದರೂ ರಕ್ತಸಂಬಂಧವಿಲ್ಲದ ಕನಕಗಳೂ ಇವೆ. ಹವಾಯಿ ದ್ವೀಪದ ಭಾಷೆಯಲ್ಲಿ ‘ಕನಕ’ ಎಂದರೆ ಮನುಷ್ಯ. ನ್ಯೂಜಿಲೆಂಡಿನ ಮಾವೊರಿ ಜನ ‘ತಂಗತ’ ಎನ್ನುವುದನ್ನು ಹವಾಯಿಯವರು ತಕಾರಕ್ಕೆ ಕಕಾರ, ‘ಂಗ’ಕ್ಕೆ ನಕಾರ ಇಟ್ಟು ಹಾಗೆ ಉಚ್ಚರಿಸುತ್ತಾರೆ. ಬಿಳಿಯರ ಬಾಯಲ್ಲಿ ಆ ಮಾತು ಬೈಗುಳದ ಮಟ್ಟಕ್ಕೆ ಇಳಿಯಿತು. 1863ರಿಂದ 1904ರ ನಡುವೆ ಪೆಸಿಫಿಕ್ ದ್ವೀಪಗಳಿಂದ ಸುಮಾರು 62,000 ಕೂಲಿಗಳನ್ನು, ಎಷ್ಟೋ ಸಲ ಮೋಸದಿಂದ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ಒಯ್ದರು. ಅವರನ್ನು ಕರೆದದ್ದು ಇದೇ ಹೆಸರಿನಿಂದ. ಮುಂದೆ ನ್ಯೂ ಕ್ಯಾಲೆಡೋನಿಯಾದ ಮೂಲನಿವಾಸಿಗಳು 1970ರ ದಶಕದಲ್ಲಿ ಆ ಮಾತನ್ನೇ ಎತ್ತಿಕೊಂಡು, ಹೌದು ನಾವು ಕನಕರು ಎಂದು ತಲೆ ಎತ್ತಿ ನಿಂತರು. ಜಾತಿಯ ಹೆಸರಿನಲ್ಲಿ ಅವಮಾನ ಉಂಡು, ಕುಲ ಕುಲವೆಂದು ಹೊಡೆದಾಡುವವರನ್ನು ಹಾಡಿನಲ್ಲಿ ಪ್ರಶ್ನಿಸಿದ ಬಾಡದ ಕನಕರಿಗೆ ಆ ಜನರ ಕಥೆ ಗೊತ್ತಾಗಿದ್ದರೆ ತಮ್ಮವರೆಂದೇ ಅಪ್ಪಿಕೊಳ್ಳುತ್ತಿದ್ದರು. ಇನ್ನು ಮಲಯ ಭಾಷೆಯಲ್ಲಿ ‘ಕನಕ್-ಕನಕ್’ ಎಂದರೆ ಪುಟ್ಟ ಮಕ್ಕಳು. ಇಂಡೋನೇಷ್ಯಾದಲ್ಲಿ ಶಿಶುವಿಹಾರದ ಫಲಕದ ಮೇಲೆ ‘ತಾಮನ್ ಕನಕ್-ಕನಕ್’ ಎಂದೇ ಇರುತ್ತದೆ, ಮಕ್ಕಳ ತೋಟ.

ಮಾತಿನ ಜೊತೆ ಇಷ್ಟು ಸಲುಗೆಯಿಂದ ಆಡುವುದು ನಮ್ಮ ನೆಲದ ರೂಢಿ. ಕನಕದಾಸರು ಒಗಟಿನಂಥ ಮುಂಡಿಗೆಗಳನ್ನು ಬರೆದರು, ಇಂದಿಗೂ ಪಂಡಿತರು ಅವುಗಳ ಗಂಟು ಬಿಚ್ಚುತ್ತಿದ್ದಾರೆ. ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಗೂ ನರೆದಲಗಕ್ಕೂ ಜಗಳ ಹಚ್ಚಿ, ಆರು ತಿಂಗಳು ಸೆರೆಯಲ್ಲಿಟ್ಟು, ಗಟ್ಟಿಯಾಗಿ ಉಳಿದ ಕಾಳಿಗೆ ರಾಘವನ ಹೆಸರಿನಿಂದಲೇ ರಾಗಿ ಎಂಬ ಹೆಸರು ಕೊಡಿಸಿದರು. ಪದದ ಹುಟ್ಟನ್ನೇ ಕಥೆಯಾಗಿಸಿ ಬಡವರ ಊಟಕ್ಕೆ ಮರ್ಯಾದೆ ತಂದ ಕವಿ ಮತ್ತೊಬ್ಬರಿಲ್ಲ. ಹಿರೇಕೆರೂರು ಸೀಮೆಯ ಅಬಲೂರು ತನ್ನವನೆಂದು ಹೇಳುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳ ಸಾಲೇ ಇದೆ. ಶಿಗ್ಗಾಂವಿ ತಾಲೂಕಿನದೇ ಆದ ಶಿಶುನಾಳದ ಷರೀಫರು, 1819ರಿಂದ 1889ರ ವರೆಗೆ ಬಾಳಿದವರು, ಕೋಳಿ ಕೋಡಗಗಳನ್ನು ಇಟ್ಟುಕೊಂಡು ಗುರುವಿನ ತತ್ವ ಹಾಡಿದರು. ಮೂವರೂ ಕನ್ನಡವನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಡುವಷ್ಟು ಹಗುರ ಮಾಡಿದರು, ಅರ್ಥವನ್ನು ಮಾತ್ರ ಹಗುರ ಮಾಡಲಿಲ್ಲ.

ನಮ್ಮ ಮಕ್ಕಳಿಗೆ ಈಗ ಆ ಆಟ ತಪ್ಪುತ್ತಿದೆ. ಇಲ್ಲೇ ದಿಲ್ಲಿಯಲ್ಲಿ ಹುಟ್ಟಿ ಬೆಳೆದ ಮಗು ಮಳೆ ಬಂತು ಎನ್ನಲು ‘ಮಲೆ ಬಂತು’ ಎನ್ನುತ್ತದೆ. ಬೆಟ್ಟ ಎದ್ದು ಬಂದರೆ ಕೊಡೆ ಹಿಡಿದು ಏನು ಪ್ರಯೋಜನ! ಹಿಂದಿಯಲ್ಲಿ ಳಕಾರ ಇಲ್ಲ, ಮಗುವಿನ ತಪ್ಪಲ್ಲ. ತಪ್ಪಿರುವುದು ದೊಡ್ಡವರ ಫೋನಿನಲ್ಲಿ. ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಕನ್ನಡದ ಮಾತು ಇಂಗ್ಲಿಷ್ ಅಕ್ಷರದಲ್ಲಿ ಹರಿದಾಡುತ್ತದೆ. ಅಲ್ಲಿ ಕಲ್ಲು ಯಾವುದು, ಕಳ್ಳು ಯಾವುದು? ಬಲಿ ಯಾವುದು, ಬಳಿ ಯಾವುದು? ಬಂಗಾರದ ಕನಕಕ್ಕೂ ಹೋಳಿಗೆಯ ಕಣಕಕ್ಕೂ ಅಲ್ಲಿ ಕಾಗುಣಿತ ಒಂದೇ. ಅಮ್ಮನ ಸಂದೇಶದಲ್ಲೇ ಣ, ಳ ಕಾಣದಿದ್ದರೆ ಮಗುವಿನ ನಾಲಿಗೆಗೆ ಅವು ಎಲ್ಲಿಂದ ಬರಬೇಕು? ಸೌಲಭ್ಯ ಇಲ್ಲ ಎನ್ನುವ ಕಾಲ ಹೋಗಿ ಬಹಳ ದಿನವಾಯಿತು. 1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಇಂದು ಎಲ್ಲರ ಕಿಸೆಯಲ್ಲಿರುವ ಫೋನಿನಲ್ಲೂ ಕನ್ನಡ ಕೀಲಿಮಣೆ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಆರಿಸಿಕೊಳ್ಳುವುದಷ್ಟೇ ಬಾಕಿ. ಮೊದಲ ವಾರ ಬೆರಳು ತಡವರಿಸುತ್ತದೆ, ಆಮೇಲೆ ತಾನಾಗಿ ಓಡುತ್ತದೆ.

ಭಾನುವಾರದ ಕನ್ನಡ ತರಗತಿ ನಡೆಸುವ ಅಕ್ಕಂದಿರಲ್ಲೂ ಒಂದು ಬಿನ್ನಹ. ಸಂಧಿ, ಸಮಾಸ ಆಮೇಲೆ ಇರಲಿ. ಅಕ್ಷರ ಬರೆದ ರಟ್ಟಿನ ಚೂರುಗಳನ್ನು ಮಕ್ಕಳ ಮುಂದೆ ಸುರಿದು, ತಿರುಗಿಸಿದರೂ ಅರ್ಥ ಕೊಡುವ ಪದ ಹುಡುಕಿ ಎಂದು ಬಿಟ್ಟುಬಿಡಿ. ತನ್ನ ಹೆಸರನ್ನು ಹಿಂದಿನಿಂದ ಓದಿ ನಗುವ ಮಗು ಮನೆಗೆ ಹೋಗಿ ಅಪ್ಪನ ಹೆಸರನ್ನೂ ತಿರುಗಿಸುತ್ತದೆ, ಅಜ್ಜಿಗೆ ಫೋನ್ ಮಾಡಿ ಊರಿನ ಹೆಸರು ಕೇಳುತ್ತದೆ. ಅಜ್ಜಿಗೂ ಒಂದಿಷ್ಟು ಮಾತು ಸಿಕ್ಕಂತಾಯಿತು.

ಊಟಕ್ಕೆ ಹೋಳಿಗೆ ಇದೆ ಎಂದು ಸಂಘದ ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ, ಹೆಚ್ಚು ಹೊತ್ತು ತಡೆಯುವುದು ಸರಿಯಲ್ಲ. ಪಂಕ್ತಿಯಲ್ಲಿ ಕೂರುವ ಮುನ್ನ ಪ್ರತಿಯೊಬ್ಬರೂ ಫೋನ್ ತೆಗೆದು ಕನ್ನಡ ಕೀಲಿಮಣೆ ಹಾಕಿಕೊಳ್ಳಿ. ಬಾರದವರಿಗೆ ಪಕ್ಕದಲ್ಲಿ ಕುಳಿತ ಮಕ್ಕಳೇ ಹಾಕಿಕೊಡುತ್ತಾರೆ. ಸಂಘದ ಗುಂಪಿಗೆ ಇಂದು ರಾತ್ರಿ ಹೋಗುವ ಮೊದಲ ಸಂದೇಶ, ಊಟ ಹೇಗಿತ್ತು ಎಂಬ ಒಂದು ಸಾಲಾದರೂ ಸರಿ, ಕನ್ನಡ ಅಕ್ಷರದಲ್ಲೇ ಇರಲಿ.