ಅರಸ ಒಬ್ಬ, ಗುರುತು ಹಲವು

ಕಾದಂಬರಿಗೆಂದು ಹಳೆಯ ಕಾಲದ ರಾಜ್ಯವೊಂದನ್ನು ಕಲ್ಪಿಸುವವರು ಅದಕ್ಕೆ ಒಂದೇ ಭಾಷೆ, ಒಂದೇ ಮತ ಕೊಟ್ಟು ಕೈತೊಳೆದುಕೊಳ್ಳುವುದುಂಟು. ಅಂಥವರು ತುಳುನಾಡಿನ ಅರಸುಮನೆತನಗಳನ್ನು ನೋಡಬೇಕು. ಮೂಡಬಿದಿರೆಯ ಚೌಟರು ಜೈನರು. ಕುಲದೇವರು ಮಾತ್ರ ಉಳ್ಳಾಲದ ಬಳಿಯ ಸೋಮನಾಥ, ಅಂದರೆ ಶಿವ. ಜನರ ಮಾತು ತುಳು, ಶಾಸನದ್ದು ಕನ್ನಡ. ಪಟ್ಟ ಮಗನಿಗಲ್ಲ, ಸೋದರಳಿಯನಿಗೆ. ಬಂಟ್ವಾಳದ ನಂದಾವರದಲ್ಲಿ ನೆಲೆಸಿದ್ದ ಬಂಗರಲ್ಲೂ ಇದೇ ಕಟ್ಟು. ಇವರೆಲ್ಲರ ಮೇಲೆ ಮೊದಲು ವಿಜಯನಗರ, ಆಮೇಲೆ ವೀರಶೈವರಾದ ಕೆಳದಿ ನಾಯಕರು.

ಹಾಗಾದರೆ ಒಂದೇ ಮತದವರಾದರೂ ಒಂದಾಗಿದ್ದರೇ? ಅದೂ ಇಲ್ಲ. ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಕಾರ್ಕಳದ ಭೈರರಸನೂ ಜೈನನೇ. ಆದರೂ ತನ್ನೂರಿನ 1432ರ ಗೊಮ್ಮಟನಿಗೆ ಸರಿಜೋಡಿ ಹುಟ್ಟುವುದನ್ನು ಸಹಿಸದೆ ದಂಡೆತ್ತಿ ಬಂದನಂತೆ. ಯುದ್ಧ ಮುಗಿಯುವತನಕ ಅಜಿಲ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟಿದ್ದನೆಂದು ಐತಿಹ್ಯ.