ಲೇಲ್ಯಾಂಡ್: ಬಸ್ಸನ್ನೂ ಟ್ಯಾಂಕನ್ನೂ ಕಟ್ಟಿದ ಊರು

ಚಾರ್ಮಾಡಿ ಘಾಟಿಯನ್ನೇರುವ ಬಸ್ಸಿನಲ್ಲಿ ಸೀಟು ಸಿಕ್ಕದೆ, ಡ್ರೈವರನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕುಳಿತು ಪ್ರಯಾಣ ಮಾಡಿದವರಿಗೆ, ಆ ಪೆಟ್ಟಿಗೆಯ ಬಿಸಿಯೂ, ಏರಿನಲ್ಲಿ ಅದು ಹೊರಡಿಸುವ ಏಕತಾನದ ಗುಡುಗೂ, ತಿರುವು ಬಂದಾಗ ಗೇರು ಇಳಿಸಿದೊಡನೆ ಮೈಯೆಲ್ಲ ಹರಡುವ ನಡುಕವೂ ಮರೆಯುವಂಥವಲ್ಲ. ಬಾಲ್ಯದಲ್ಲಿ ನಾನು ಹಾಗೆ ಕುಳಿತು ಹೋಗುತ್ತಿದ್ದಾಗ, ಬಸ್ಸಿನ ಹಣೆಯ ಮೇಲಿದ್ದ ‘ಲೇಲ್ಯಾಂಡ್’ ಎಂಬುದು ಒಂದು ಊರಿನ ಹೆಸರೆಂದು ತಿಳಿದಿರಲಿಲ್ಲ. ಆ ಊರಿನ ಕಾರ್ಖಾನೆಯಲ್ಲಿ ಬಸ್ಸುಗಳ ಜೊತೆಗೇ ಯುದ್ಧದ ಟ್ಯಾಂಕುಗಳೂ ಜನ್ಮ ತಾಳಿದ್ದುವೆಂಬುದಂತೂ ನನ್ನ ಊಹೆಗೆ ಮೀರಿದ ಸಂಗತಿಯಾಗಿತ್ತು.

ಲೇಲ್ಯಾಂಡ್ ಎಂಬುದು ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದಲ್ಲಿ, ಪ್ರೆಸ್ಟನ್ ನಗರದ ಬಳಿಯಲ್ಲಿರುವ ಒಂದು ಸಣ್ಣ ಪಟ್ಟಣ. ಅಲ್ಲಿಯ ಕಮ್ಮಾರರ ಮನೆಯಲ್ಲಿ ಹುಟ್ಟಿದ ಜೇಮ್ಸ್ ಸಮ್ನರ್ ಎಂಬಾತನು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಆವಿಯ ಎಂಜಿನ್ನನ್ನು ಜೋಡಿಸಿ ಕೈ ಪಳಗಿಸಿಕೊಂಡು, ಅನಂತರ 1896ರಲ್ಲಿ ಸ್ಪರಿಯರ್ ಮನೆತನದವರ ಹಣದ ಬೆಂಬಲದಿಂದ, ಒಂದೂವರೆ ಟನ್ ಭಾರ ಹೊರುವ ಆವಿಯ ಗಾಡಿಯನ್ನು ಕಟ್ಟಿದನು. ಆವಿಯ ಕಾಲ ಮುಗಿದು ಪೆಟ್ರೋಲಿನ ಕಾಲ ಬಂದಿತು. 1907ರಲ್ಲಿ ಸಂಸ್ಥೆಗೆ ಲೇಲ್ಯಾಂಡ್ ಮೋಟರ್ಸ್ ಎಂಬ ಹೆಸರಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಈ ಕಾರ್ಖಾನೆಯು ಬ್ರಿಟಿಷ್ ಸೇನೆಗೆ ಸುಮಾರು 6000 ಲಾರಿಗಳನ್ನು ಕಟ್ಟಿಕೊಟ್ಟಿತು. ಅವುಗಳಲ್ಲಿ ಬಹುಪಾಲು ವಿಮಾನದಳವನ್ನು ಸೇರಿದುವು. ಯುದ್ಧ ಮುಗಿದಾಗ ಜಜ್ಜಿಹೋದ, ಸವೆದ, ಕೆಸರಿನಲ್ಲಿ ಮಿಂದ ಆ ಲಾರಿಗಳು ಸಿಕ್ಕ ಬೆಲೆಗೆ ಹರಾಜಾಗಿ, ಅರಿಯದವರ ಕೈ ಸೇರಿ, ರಸ್ತೆರಸ್ತೆಗಳಲ್ಲಿ ಕೆಟ್ಟು ನಿಂತು, ‘ಇದು ಲೇಲ್ಯಾಂಡಿನ ಗಾಡಿ’ ಎಂಬ ಅಪಕೀರ್ತಿಯನ್ನು ತರುವುದನ್ನು ಸಹಿಸಲಾರದೆ, ಸಂಸ್ಥೆಯವರು ತಾವು ಒಮ್ಮೆ ಮಾರಿದ್ದ ಲಾರಿಗಳನ್ನು ತಾವೇ ಸಾವಿರಗಟ್ಟಲೆಯಲ್ಲಿ ಮರಳಿ ಕೊಂಡುಕೊಂಡರು; ಲಂಡನ್ನಿನ ಸಮೀಪದ ಕಿಂಗ್‌ಸ್ಟನ್ನಿನಲ್ಲಿ ಯುದ್ಧಕಾಲದ ವಿಮಾನ ಕಾರ್ಖಾನೆಯೊಂದನ್ನು ಹಿಡಿದು, ಒಂದೊಂದು ಲಾರಿಯನ್ನೂ ಬಿಚ್ಚಿ, ಸವೆದ ಭಾಗಗಳನ್ನು ತೆಗೆದು ಹೊಸವನ್ನು ಹಾಕಿ, ಮತ್ತೆ ಜೋಡಿಸಿ, ಭರವಸೆಯ ಪತ್ರದೊಡನೆ ಮಾರಿದರು. ಈ ಕಾರ್ಯದಿಂದ ಸಂಸ್ಥೆಗೆ ಭಾರಿಯಾದ ಹಣದ ಮುಗ್ಗಟ್ಟು ಒದಗಿತು. ಆದರೂ ತನ್ನ ಕೈಯಿಂದ ಹೊರಬಿದ್ದ ವಸ್ತುವು ಎಷ್ಟು ಕೈ ಬದಲಾದರೂ ತನ್ನದೇ ಎಂದು ಭಾವಿಸುವ ಈ ಕಸುಬುದಾರನ ಅಭಿಮಾನವನ್ನು ನಾನು ತುಂಬ ದೊಡ್ಡದೆಂದು ಎಣಿಸುತ್ತೇನೆ. ಮುಂದೆ ಬಂದ ಬಸ್ಸುಗಳ ಗಟ್ಟಿತನಕ್ಕೂ, ಸಹಸ್ರಾರು ಗಾಡಿಗಳನ್ನು ಬಿಚ್ಚಿ ಎಲ್ಲಿ ಏನು ಸವೆಯುತ್ತದೆಂದು ಕಣ್ಣಾರೆ ಕಂಡ ಆ ಅನುಭವವೇ ತಳಹದಿಯಾಗಿರಬೇಕು.

1927ರಲ್ಲಿ ರ್‍ಯಾಕಮ್ ಎಂಬ ಎಂಜಿನಿಯರನು ರೂಪಿಸಿದ ‘ಟೈಟನ್’ ಎಂಬ ಎರಡಂತಸ್ತಿನ ಬಸ್ಸು ಹೊರಬಂದಿತು. ಮೇಲಂತಸ್ತಿನಲ್ಲಿ ಓಡಾಡುವ ದಾರಿಯನ್ನು ನಡುವಿನಿಂದ ತೆಗೆದು, ಒಂದು ಪಕ್ಕಕ್ಕೆ ಸರಿಸಿ, ಅದನ್ನು ತಗ್ಗಿಸಿಟ್ಟದ್ದರಿಂದ ಬಸ್ಸಿನ ಎತ್ತರವೇ ಇಳಿದು, ತಗ್ಗಾದ ರೈಲು ಸೇತುವೆಗಳ ಅಡಿಯಲ್ಲಿಯೂ ಅದು ನುಸುಳಿಹೋಗುವಂತಾಯಿತು. ಆ ದಾರಿಯ ಕೆಳಗೆ ಕುಳಿತವರು ಏಳುವಾಗ ತಲೆ ತಗ್ಗಿಸಬೇಕಾಗಿತ್ತೆಂಬುದೊಂದೇ ತೊಂದರೆ.

ಎರಡನೆಯ ಮಹಾಯುದ್ಧ ಬಂದಾಗ ಬಸ್ಸಿಗೂ ಟ್ಯಾಂಕಿಗೂ ನಿಜವಾದ ನಂಟು ಬೆಳೆಯಿತು. ಬ್ರಿಟಿಷರ ‘ಮಟಿಲ್ಡಾ’ ಎಂಬ ಟ್ಯಾಂಕು 27 ಟನ್ ತೂಕದ್ದು. ಅದರ ಮುಂಭಾಗದ ಕವಚವು 78 ಮಿಲಿಮೀಟರ್ ದಪ್ಪ. ಇಷ್ಟು ಭಾರವನ್ನು ಎಳೆಯುವುದಕ್ಕೆ ತಕ್ಕ ಎಂಜಿನ್ ಸಿದ್ಧವಾಗಿರಲಿಲ್ಲವಾದುದರಿಂದ, ಬಸ್ಸಿನ ಡೀಸೆಲ್ ಎಂಜಿನ್ನುಗಳನ್ನೇ ಎರಡೆರಡಾಗಿ, ಜೋಡೆತ್ತುಗಳನ್ನು ನೊಗಕ್ಕೆ ಹೂಡಿದಂತೆ ಅಕ್ಕಪಕ್ಕದಲ್ಲಿ ಕೂಡಿಸಿದರು. ಮೊದಮೊದಲು ಎಇಸಿ ಸಂಸ್ಥೆಯವು, ಅನಂತರ ಲೇಲ್ಯಾಂಡಿನ ಸುಮಾರು 95 ಅಶ್ವಶಕ್ತಿಯವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಟ್ಯಾಂಕು ತೆವಳಿಕೊಂಡಾದರೂ ಬರುತ್ತಿತ್ತು. ಒಳ್ಳೆಯ ರಸ್ತೆಯಲ್ಲಿಯೂ ಅದರ ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು ಮಾತ್ರ. ಆದರೆ 1940ರ ಕೊನೆಯಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಇಟಲಿಯವರ ಟ್ಯಾಂಕುನಿರೋಧಕ ತೋಪುಗಳು ಅದರ ಕವಚವನ್ನು ಭೇದಿಸಲಾರದೆ ಹೋದುವು. ಊರಿಂದೂರಿಗೆ ನಿಂತುನಿಂತು ಸಾಗುವುದಕ್ಕಾಗಿ ಹುಟ್ಟಿದ ಎಂಜಿನ್ನಿನ ಬಗೆಯೊಂದು ಮರಳುಗಾಡಿನ ರಣರಂಗದಲ್ಲಿ ದುಡಿಯಿತು.

ಯುದ್ಧದ ಉತ್ತರಾರ್ಧದಲ್ಲಿ ಲೇಲ್ಯಾಂಡ್ ತಾನೇ ಒಂದು ಟ್ಯಾಂಕನ್ನು ರೂಪಿಸಿತು. 33 ಟನ್ ತೂಕದ ಅದಕ್ಕೆ ‘ಕಾಮೆಟ್’, ಎಂದರೆ ಧೂಮಕೇತು, ಎಂದು ಹೆಸರು. ಅದು ರಣರಂಗಕ್ಕೆ ಇಳಿದದ್ದು 1945ರಲ್ಲಿ, ಯುದ್ಧ ಮುಗಿಯುವುದಕ್ಕೆ ಕೆಲವೇ ವಾರಗಳಿದ್ದಾಗ. ಎರಡು ವರ್ಷ ಕಳೆಯುವುದರೊಳಗೆ ಅದೇ ಹೆಸರಿನ ಲಾರಿಯೂ ಬಸ್ಸೂ ಲೇಲ್ಯಾಂಡಿನಿಂದ ಹೊರಟುವು. ನಮ್ಮ ದೇಶಕ್ಕೆ ಬಂದದ್ದು ಈ ಎರಡನೆಯ ಕಾಮೆಟ್. 1948ರಲ್ಲಿ ರಘುನಂದನ ಸರನ್ ಅವರು ಆಸ್ಟಿನ್ ಕಾರುಗಳನ್ನು ಜೋಡಿಸುವುದಕ್ಕಾಗಿ ಮದರಾಸಿನ ಸಮೀಪದ ಎಣ್ಣೂರಿನ ಅಶೋಕ್ ಮೋಟರ್ಸನ್ನು ಸ್ಥಾಪಿಸಿದ್ದರು. ಅಲ್ಲಿಯೇ ಲೇಲ್ಯಾಂಡಿನ ವಾಹನಗಳ ಜೋಡಣೆಯೂ ಆರಂಭವಾಗಿ, 1951ರಲ್ಲಿ ಮೊದಲ ಕಾಮೆಟ್ ಟಿಪ್ಪರುಗಳು ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದಕ್ಕೆ ಬಂದುವು. 1955ರಲ್ಲಿ ಎರಡು ಹೆಸರುಗಳೂ ಬೆಸೆದು ಅಶೋಕ್ ಲೇಲ್ಯಾಂಡ್ ಆಯಿತು. ಕರಾವಳಿಯ ಕೆಂಪು ಹೆಂಚಿನ ಚರಿತ್ರೆಗೂ ಧೂಮಕೇತುವಿನ ಹೆಸರಿಗೂ ಇಂಥದೊಂದು ಸೇರುವೆ ಉಂಟೆಂಬುದು ನನಗೆ ಎಂದಿಗೂ ಸಂತೋಷವನ್ನೇ ಕೊಡುತ್ತದೆ.

ಆದರೆ ಬಸ್ಸಿನ ಅನುಭವವನ್ನು ಬಿಟ್ಟು ಕೇವಲ ಸೇನೆಯ ಅಪೇಕ್ಷೆಗಾಗಿ ಎಂಜಿನ್ ಕಟ್ಟಬೇಕಾಗಿ ಬಂದಾಗ ಇದೇ ಕಾರ್ಖಾನೆ ಎಡವಿತು. ಯುದ್ಧವಾಹನಗಳ ಎಂಜಿನ್ನುಗಳು ಪೆಟ್ರೋಲನ್ನಾಗಲಿ ಡೀಸೆಲನ್ನಾಗಲಿ ಸಿಕ್ಕ ಇಂಧನವನ್ನು ಉರಿಸುವಂತಿರಬೇಕೆಂದು 1957ರಲ್ಲಿ ನ್ಯಾಟೋ ಒಕ್ಕೂಟವು ಬಯಸಿತು. ಅದಕ್ಕಾಗಿ ಹುಟ್ಟಿದ್ದು ಎಲ್-60. ಇದರ ಆರು ಸಿಲಿಂಡರುಗಳಲ್ಲಿ ಒಂದೊಂದರಲ್ಲಿಯೂ ಎರಡೆರಡು ಪಿಸ್ಟನ್ನುಗಳು ಎದುರುಬದುರಾಗಿ ನಿಂತು, ನಡುವೆ ಇಂಧನ ಉರಿದಾಗ ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿಯುತ್ತವೆ. ಮೇಲೊಂದು ಕೆಳಗೊಂದು ಕ್ರ್ಯಾಂಕ್ ಶಾಫ್ಟುಗಳು ಗಿಯರುಗಳ ಮೂಲಕ ಕೂಡಿಕೊಂಡು ಆ ಬಲವನ್ನು ಹೊರಗೆ ಒಯ್ಯುತ್ತವೆ. ಕಲ್ಪನೆ ಸೊಗಸಾದದ್ದು. ಆದರೆ ‘ಚೀಫ್ಟನ್’ ಟ್ಯಾಂಕಿನಲ್ಲಿ ಅದನ್ನು ಇರಿಸಿದಾಗ ಸಿಲಿಂಡರಿನ ಲೈನರುಗಳ ಸೀಲುಗಳು ಸೋರಿ, ನಂಬಲಾಗದ ಎಂಜಿನ್ ಎಂಬ ಹೆಸರು ಬಂದಿತು. ದಿನವೂ ಜನರನ್ನು ಹೊತ್ತು, ದಿನವೂ ಸಂಜೆ ಡಿಪೋದಲ್ಲಿ ಮೆಕ್ಯಾನಿಕನ ಕಣ್ಣಿಗೆ ಬಿದ್ದು, ವರ್ಷಗಟ್ಟಲೆ ತಿದ್ದಿಸಿಕೊಂಡ ಎಂಜಿನ್ನಿಗೆ ದೊರಕುವ ಪರಿಪಾಕವು, ಕಾಗದದ ಮೇಲಿನ ಅಪೇಕ್ಷೆಗೆ ಹೊಂದಿಸಿದ ಎಂಜಿನ್ನಿಗೆ ಬೇಗನೆ ದೊರಕಲಾರದೆಂದೇ ನನ್ನ ಅಭಿಪ್ರಾಯ.

ಅದೇ ಎಲ್-60 ನಮ್ಮ ದೇಶಕ್ಕೂ ಬಂದಿತು. ಮದರಾಸಿನ ಆವಡಿಯಲ್ಲಿ 1965ರಿಂದ ತಯಾರಾಗತೊಡಗಿದ, ಭಾರತದ ನೆಲದಲ್ಲಿ ಕಟ್ಟಿದ ಮೊದಲ ಟ್ಯಾಂಕಾದ ‘ವಿಜಯಂತ’ದ ಹೃದಯವು ಇದೇ. ಎಣ್ಣೂರಿಗೂ ಆವಡಿಗೂ ದೂರ ಹೆಚ್ಚಲ್ಲ. ಒಂದೆಡೆ ಲೇಲ್ಯಾಂಡಿನ ಬಸ್ಸು, ಇನ್ನೊಂದೆಡೆ ಲೇಲ್ಯಾಂಡಿನ ಎಂಜಿನ್ ಹೊತ್ತ ಟ್ಯಾಂಕು.

ಮೂಲದ ಲೇಲ್ಯಾಂಡ್ ಈಗ ಹಂಚಿಹೋಗಿದೆ. 1988ರಲ್ಲಿ ಬಸ್ಸಿನ ವಿಭಾಗವು ವೋಲ್ವೊ ಸಂಸ್ಥೆಯ ಪಾಲಾಯಿತು. ಲಾರಿಗಳ ಕಾರ್ಖಾನೆ ಅಮೆರಿಕದವರ ಕೈಯಲ್ಲಿ ಇಂದಿಗೂ ನಡೆಯುತ್ತಿದೆ. ಸೇವೆಯಿಂದ ನಿವೃತ್ತವಾದ ವಿಜಯಂತವೊಂದನ್ನು ನಾನು ಒಂದು ಊರಿನ ಚೌಕದಲ್ಲಿ ಕಂಡೆ. ಮಕ್ಕಳು ಅದರ ಮೇಲೆ ಹತ್ತಿ ತೋಪಿನ ನಳಿಗೆಗೆ ಜೋತುಬಿದ್ದಿದ್ದರು. ನಾನು ಹಿಂಭಾಗಕ್ಕೆ ಹೋಗಿ, ಎಂಜಿನ್ನಿನ ಮೇಲಿನ ಕಬ್ಬಿಣದ ಜಾಲರಿಯ ಮೇಲೆ ಅಂಗೈಯಿಟ್ಟು ನಿಂತೆ. ಬಿಸಿಲಿಗೆ ಕಾದಿದ್ದ ಆ ಲೋಹದ ಬಿಸಿಯು, ಚಾರ್ಮಾಡಿಯ ಬಸ್ಸಿನ ಎಂಜಿನ್ ಪೆಟ್ಟಿಗೆಯ ಬಿಸಿಯಂತೆಯೇ ಇದ್ದಿತು.