ಕಿರಿಯ ವೈದ್ಯರ ನಿದ್ದೆ

ಕೋವಿಡ್ ಕಾಲದಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳ ರಾತ್ರಿಗಳನ್ನು ಹೊತ್ತವರು ಬಹುಪಾಲು ಇಂಟರ್ನ್‌ಗಳು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು. ಪಿಪಿಇ ಕಿಟ್‌ನೊಳಗೆ ಬೆವರಿ ತೊಯ್ದು, ಗಂಟೆಗಟ್ಟಲೆ ನೀರು ಕುಡಿಯದೆ ದುಡಿದು ಬಂದವರಿಗೆ ಹಾಸಿಗೆ ಸಿಕ್ಕರೂ ನಿದ್ದೆ ಹತ್ತುವುದು ಸುಲಭವಿರಲಿಲ್ಲ. ಮನೆಯವರಿಗೆ ಸೋಂಕು ತಗುಲೀತೆಂಬ ಭಯ, ಕಿವಿಯಲ್ಲಿನ್ನೂ ಮಾನಿಟರಿನ ಸದ್ದು. ಸ್ನಾತಕೋತ್ತರ ಪ್ರವೇಶಕ್ಕಿರುವ ನೀಟ್ ಪಿಜಿ ಪರೀಕ್ಷೆ 2021ರಲ್ಲಿ ಸೆಪ್ಟೆಂಬರಿಗೆ ಹೋಯಿತು, ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಹೊಸ ತಂಡ ಬಾರದೆ ಮೂರು ವರ್ಷದವರ ಕೆಲಸ ಎರಡು ವರ್ಷದವರ ಹೆಗಲೇರಿತು. ಹಾಗಾಗಿ ಈ ನಿದ್ದೆಗೇಡಿಗೆ ವೈರಾಣುವನ್ನಷ್ಟೇ ದೂರಿದರೆ ಸಾಲದು. ಕಿರಿಯ ವೈದ್ಯರ ದುಡಿಮೆ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರಬಾರದೆಂಬ ಕೇಂದ್ರದ ನಿರ್ದೇಶನ 1992ರಷ್ಟು ಹಳೆಯದು.

ರಾತ್ರಿಯಿಡೀ ದುಡಿದರೇ ವೈದ್ಯ ಪಳಗುವುದು ಎನ್ನುವ ಹಿರಿಯರಿದ್ದಾರೆ. ರೋಗ ರಾತ್ರಿಯಲ್ಲಿ ಹೇಗೆ ತಿರುಗುತ್ತದೆಂದು ನೋಡಿಯೇ ಕಲಿಯಬೇಕು, ನಿಜ. ಆದರೆ ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀರ್ಘ ಪಾಳಿಯ ಇಂಟರ್ನ್‌ಗಳಿಂದ ಗಂಭೀರ ತಪ್ಪುಗಳು ಶೇಕಡಾ 36ರಷ್ಟು ಹೆಚ್ಚಿದ್ದವು. ಪಾಳಿ ಬದಲಾದಂತೆಲ್ಲ ಮಾಹಿತಿ ಸೋರಿಹೋಗುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದಕ್ಕೆ ಪರಿಹಾರ ಒಪ್ಪಿಸುವುದನ್ನೇ ಕಲಿಸುವುದು: ಯಾರ ಆಮ್ಲಜನಕ ಇಳಿಯುತ್ತಿದೆ, ಯಾರ ರಕ್ತಪರೀಕ್ಷೆ ಬಾಕಿ ಎಂದು ಬರೆದು, ಓದಿ ಹೇಳಿ ಒಪ್ಪಿಸುವುದು. ಸಾಂಕ್ರಾಮಿಕದಲ್ಲಿ ಜನರೇ ಇಲ್ಲದಿದ್ದರೆ? ಆಗಂತೂ ಇರುವವರು ಕುಸಿಯದಂತೆ ಕಾಯಬೇಕು. ರಾತ್ರಿ ಪಾಳಿ ಮುಗಿಸಿದವರಿಗೊಂದು ಕತ್ತಲೆ ಕೋಣೆ, ಫೋನ್ ಬಾರದ ಆರೇಳು ಗಂಟೆ, ಮನೆಗೆ ಬಿಡಲು ವಾಹನ: ಇವಕ್ಕೆ ಹೊಸ ವೈದ್ಯರು ಬೇಕಿಲ್ಲ, ಆಡಳಿತ ಮನಸ್ಸು ಮಾಡಿದರೆ ಸಾಕು.